ಮೂರನೆಯ ರೈಲಿನ ಬಳೆಗಳು

ಮದುವೆಮನೆಗೆ ಹೋದರೆ ಉಳಿದ ಹೆಂಗಸರು ಸೀರೆ ನೋಡುತ್ತಾರೆ, ಒಡವೆ ನೋಡುತ್ತಾರೆ. ಇಂದುಮತಿ ಕಮತಗಿ ಮಾತ್ರ ಬಳೆಗಾರ ಕುಳಿತೆದ್ದ ಜಾಗ ಹುಡುಕಿಕೊಂಡು ಹೋಗಿ ನೆಲ ನೋಡುತ್ತಿದ್ದಳು. ಅಲ್ಲಿ ಬಿದ್ದ ಬಳೆಚೂರುಗಳನ್ನು ಆರಿಸಿ, ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡು ಬರುತ್ತಿದ್ದಳು. ಗದಗಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಲವತ್ತಮೂರರ ಹೆಂಗಸು ಹೀಗೆ ಚೂರು ಆರಿಸುವುದನ್ನು ಕಂಡು ಬೀಗರು ಮುಸಿಮುಸಿ ನಕ್ಕರೆ, ಅವಳ ಅತ್ತೆ ಶಿವಗಂಗವ್ವ ಸುಮ್ಮನಿರುತ್ತಿರಲಿಲ್ಲ. "ಯಾಕ ನಗತೀರಿ? ನೀವು ಪೇಪರ ಓದಿದಂಗ ನಮ್ಮ ಇಂದೂ ಬಳಿ ಓದತಾಳ" ಎಂದು ಸೊಸೆಯ ಪರ ವಹಿಸಿಕೊಳ್ಳುತ್ತಿದ್ದಳು.

ಅತ್ತೆಯ ಮಾತು ಸುಳ್ಳೇನಲ್ಲ. ಗಾಜಿಗೆ ಒಂದು ಗುಣವಿದೆ. ವಿಕಿರಣ ಅದರ ಮೂಲಕ ಹಾದುಹೋದರೆ ಒಂದಿಷ್ಟು ಶಕ್ತಿ ಗಾಜಿನೊಳಗೇ ಸಿಕ್ಕಿಕೊಂಡು ಕೂರುತ್ತದೆ. ಆ ಗಾಜಿನ ಚೂರನ್ನು ಕತ್ತಲೆಯ ಡಬ್ಬಿಯಲ್ಲಿಟ್ಟು ಕಾಯಿಸಿದರೆ, ಸಿಕ್ಕಿಕೊಂಡಿದ್ದ ಶಕ್ತಿ ಬೆಳಕಾಗಿ ಹೊರಗೆ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕಲ್ಲ, ಯಂತ್ರವೇ ಹಿಡಿಯಬೇಕು. ಎಷ್ಟು ಬೆಳಕು ಬಂತೆಂದು ಎಣಿಸಿದರೆ ಆ ಬಳೆ ಎಷ್ಟು ವಿಕಿರಣ ಕುಡಿದಿದೆ, ಎಂದರೆ ಅದನ್ನು ತೊಟ್ಟ ದೇಹ ಎಷ್ಟು ಕುಡಿದಿದೆ ಎಂದು ತಿಳಿಯುತ್ತದೆ. ಇದರ ಮೇಲೆ ಇಂದುಮತಿ ಪಿಎಚ್.ಡಿ. ಮಾಡಿದಳು, ತನ್ನ ಕೈಯಾರೆ ಎರಡು ಯಂತ್ರ ಕಟ್ಟಿದಳು. ಆ ಪ್ರಬಂಧವನ್ನು ಹನ್ನೊಂದು ವರ್ಷ ಯಾರೂ ಕಪಾಟಿನಿಂದ ಹೊರಗೆ ತೆಗೆಯಲಿಲ್ಲ. ಯಾಕೆ ತೆಗೆಯಬೇಕು? ಗದಗಿನಲ್ಲಿ ವಿಕಿರಣ ಕುಡಿದವರು ಯಾರಿದ್ದರು?

ಒಂದು ಸೋಮವಾರ ಬೆಳಿಗ್ಗೆ ಘಟ್ಟದ ಕೆಳಗಿನ ಹೊಸಬಂದರು ನಗರದ ಮೇಲೆ ಅಣುಬಾಂಬು ಬಿತ್ತು. ಯಾರು ಹಾಕಿದರು, ಯಾಕೆ ಹಾಕಿದರು ಎಂಬುದನ್ನು ದೊಡ್ಡವರು ಇನ್ನೂ ಮಾತಾಡುತ್ತಲೇ ಇದ್ದಾರೆ. ನಡುಪೇಟೆಯಲ್ಲಿದ್ದವರು ಯಾರೂ ಉಳಿಯಲಿಲ್ಲ. ಊರಂಚಿನ ಕೇರಿಗಳಲ್ಲಿ ಉಳಿದವರನ್ನು ಘಟ್ಟದ ಬುಡದಲ್ಲಿ ಸ್ನಾನ ಮಾಡಿಸಿ, ಉಟ್ಟ ಬಟ್ಟೆ ಬಿಚ್ಚಿಸಿ ಬೇರೆ ಕೊಟ್ಟು, ರೈಲು ಹತ್ತಿಸಿ ಬಯಲುಸೀಮೆಯ ಊರುಗಳಿಗೆ ಕಳಿಸತೊಡಗಿದರು. ಗದಗಿನಲ್ಲಿ ಹತ್ತಿ ಗೋದಾಮುಗಳನ್ನು ಖಾಲಿ ಮಾಡಿ ಮಂಚ ಹಾಕಲಾಯಿತು. ಶಿಬಿರದ ಹೊಣೆ ಹೊತ್ತವರು ಡಾಕ್ಟರ್ ನದಾಫ್. ಅವರಿಗೆ ತಲೆನೋವಾದ ಸಂಗತಿ ಒಂದೇ. ರೈಲಿನಿಂದ ಇಳಿಯುವವರೆಲ್ಲ ನೋಡಲು ಒಂದೇ ಥರ ಇರುತ್ತಾರೆ. ಸುಸ್ತು, ವಾಂತಿ, ಹೆದರಿದ ಕಣ್ಣು. ಆದರೆ ಅವರಲ್ಲಿ ಮೂರು ಪಂಗಡ. ಸ್ವಲ್ಪ ವಿಕಿರಣ ತಗುಲಿದವರು ತಾವಾಗಿಯೇ ಸುಧಾರಿಸುತ್ತಾರೆ. ತೀರಾ ಹೆಚ್ಚು ತಗುಲಿದವರನ್ನು ಉಳಿಸುವ ಮದ್ದಿಲ್ಲ. ಇವೆರಡರ ನಡುವೆ ಇರುವವರಿಗೆ ಮಾತ್ರ, ಎಲುಬಿನ ಮಜ್ಜೆಯನ್ನು ಮತ್ತೆ ಎಬ್ಬಿಸುವ ಒಂದು ಚುಚ್ಚುಮದ್ದಿದೆ, ಅದನ್ನು ಬೇಗ ಶುರು ಮಾಡಿದರೆ ಬದುಕುತ್ತಾರೆ. ರಕ್ತ ನೋಡಿ ಹೇಳಲು ದಿನಗಟ್ಟಲೆ ಬೇಕು. ಬಳೆ ನೋಡಿ ಹೇಳಲು ನಾಲ್ಕು ನಿಮಿಷ ಸಾಕು.

ಹೀಗೆ, ಬಳೆಚೂರು ಆರಿಸುತ್ತಿದ್ದ ಇಂದುಮತಿ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಊರಿಗೇ ಬೇಕಾದವಳಾದಳು. ತನ್ನ ಎರಡು ಯಂತ್ರಗಳನ್ನು ಹೊರಿಸಿಕೊಂಡು, ಪ್ರಯೋಗಾಲಯದ ಸಹಾಯಕ ಈರಣ್ಣನನ್ನು ಕರೆದುಕೊಂಡು ಗೋದಾಮಿಗೆ ಬಂದಳು. ಘಟ್ಟದ ಬುಡಕ್ಕೆ ಫೋನು ಮಾಡಿಸಿ, ಬಟ್ಟೆ ಬಿಚ್ಚಿಸಿದರೂ ಹೆಂಗಸರ ಬಳೆ ಬಿಚ್ಚಿಸಬೇಡಿ ಎಂದು ಹೇಳಿಸಿದಳು. ಗಂಡಸರಿಗೆ ಕೈಗಡಿಯಾರದ ಗಾಜು, ಫೋನಿನ ಗಾಜು. ಯಂತ್ರ ತೋರಿಸುವ ಅಂಕ ನೂರರೊಳಗಿದ್ದರೆ ಹಸಿರು ಚೀಟಿ, ನೂರರಿಂದ ಆರುನೂರರವರೆಗೆ ಹಳದಿ, ಅದರ ಮೇಲೆ ಕೆಂಪು. ಹಳದಿಯವರಿಗೆ ಚುಚ್ಚುಮದ್ದು. ಹಸಿರಿನವರಿಗೆ ಶಿಬಿರದಲ್ಲಿ ಜಾಗವಿರಲಿಲ್ಲವಾದ್ದರಿಂದ ಊರಿನ ಮನೆಗಳಲ್ಲಿ ಆಸರೆ. ಮನೆಗೊಬ್ಬರನ್ನು ಕರೆದೊಯ್ಯಲು ಗದಗಿನ ಜನ ನಾಮುಂದು ತಾಮುಂದು ಎಂದು ಬಂದರು.

ಮೊದಲ ಎರಡು ರೈಲು ಬುಧವಾರ ಬಂದವು, ಮೂರನೆಯದು ಗುರುವಾರ ಮಧ್ಯಾಹ್ನ. ಅಷ್ಟರಲ್ಲಿ ಇಂದುಮತಿ ಕುರ್ಚಿ ಬಿಟ್ಟು ಎದ್ದದ್ದೇ ಕಡಿಮೆ. ಬಂದಿದ್ದ ಚುಚ್ಚುಮದ್ದು ನಾನೂರ ಅರವತ್ತು ಜನಕ್ಕೆ ಆಗುವಷ್ಟು, ಬರೆದ ಹಳದಿ ಚೀಟಿ ಆಗಲೇ ಮುನ್ನೂರ ಎಪ್ಪತ್ತೊಂದು. ಪ್ರತಿ ಹಳದಿ ಚೀಟಿ ಬರೆಯುವಾಗಲೂ ಇನ್ನೆಷ್ಟು ಉಳಿದವು, ಮುಂದಿನವಳಿಗೆ ಇದೆಯೋ ಇಲ್ಲವೋ ಎಂದು ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಮೂರನೆಯ ರೈಲಿನಲ್ಲಿ ಬಂದವರೆಲ್ಲ ಹೆಂಗಸರೇ, ಅವರು ಬಂದು ಸಾಲಿನಲ್ಲಿ ನಿಂತರು. ಒಟ್ಟು ನೂರಹದಿನೆಂಟು ಮಂದಿ. ಒಬ್ಬೊಬ್ಬರ ಕೈಯಿಂದ ಒಂದೊಂದು ಬಳೆ ತೆಗೆದು, ಚೂರು ಮಾಡಿ, ಉಕ್ಕಿನ ಪುಟ್ಟ ಬಟ್ಟಲಿಗೆ ಹಾಕಿದ ಈರಣ್ಣ. ಅಂಕ ಬಂತು, ಸೊನ್ನೆ. ಮುಂದಿನದೂ ಸೊನ್ನೆ. ಅದರ ಮುಂದಿನದು ಒಂದು. ಮತ್ತೆ ಸೊನ್ನೆ.

"ಮೇಡಮ್, ಬರೇ ಸೊನ್ನಿ ಬರಾಕತ್ತೈತ್ರಿ" ಎಂದ ಈರಣ್ಣ. ಅವನಿಗೆ ಐವತ್ತೆಂಟು ವರ್ಷ, ಇಂದುಮತಿಯ ಸಂಶೋಧನೆಯ ಕಾಲದಿಂದ ಅವಳ ಜೊತೆಗಿದ್ದವನು. "ಯಂತ್ರ ಏನಾರ ಕೆಟ್ಟೈತೇನ್ರಿ?"

ಯಂತ್ರ ಕೆಟ್ಟಿರಲಿಲ್ಲ. ಅವಳು ಪರೀಕ್ಷೆಯ ಚೂರು ಹಾಕಿ ನೋಡಿದಳು, ಸರಿಯಾದ ಅಂಕವೇ ಬಂತು. ಹಾಗಾದರೆ ಸೊನ್ನೆ ಯಾಕೆ? ಭೂಮಿಯಿಂದ, ಆಕಾಶದಿಂದ ಅಷ್ಟಿಷ್ಟು ವಿಕಿರಣ ಸದಾ ಬರುತ್ತಲೇ ಇರುತ್ತದೆ. ಆದ್ದರಿಂದ ಬಾಂಬಿನ ಸುದ್ದಿಯೇ ಗೊತ್ತಿಲ್ಲದ ಬಳೆ ಕೂಡ, ನಾಲ್ಕು ತಿಂಗಳು ಕೈಯಲ್ಲಿದ್ದರೆ, ನಾಲ್ಕೈದು ಅಂಕ ತೋರಿಸಿಯೇ ತೋರಿಸುತ್ತದೆ. ಸೊನ್ನೆ ಬಂದರೆ ಆ ಬಳೆ ಮೊನ್ನೆ ಮೊನ್ನೆ ಕುಲುಮೆಯಿಂದ ಹೊರಬಂದದ್ದು. ಇದು ಅವಳ ಪ್ರಬಂಧದ ಮೂರನೆಯ ಅಧ್ಯಾಯ. ಅದನ್ನು ಬರೆದವಳು ಅವಳೇ. ಪರೀಕ್ಷಕರು ಅದೊಂದೇ ಅಧ್ಯಾಯವನ್ನು ಹೊಗಳಿದ್ದರು.

ಅವಳು ಸಾಲಿನ ಕಡೆ ನೋಡಿದಳು. ಹೆಂಗಸರು ತಮ್ಮತಮ್ಮಲ್ಲಿ ಮಾತಾಡುತ್ತಿದ್ದರು, ಯಾರೋ ಒಬ್ಬಳು ನಕ್ಕಳು ಕೂಡ. ಇವರಿಗೆ ಏನೂ ಆಗಿಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿತು ಎನ್ನುವುದಕ್ಕಿಂತ, ಹಾಗೆ ಇರಲಿ ಎಂದು ಬಯಸಿದಳು. ನೂರಹದಿನೆಂಟು ಹಸಿರು ಚೀಟಿ ಎಂದರೆ ಒಂದು ಚುಚ್ಚುಮದ್ದೂ ಖರ್ಚಾಗುವುದಿಲ್ಲ. ಯಾರಿಗೂ ಇಲ್ಲ ಅನ್ನಬೇಕಾಗುವುದಿಲ್ಲ. ಎದ್ದು ಹೋಗಿ ಆ ಕೈಗಳನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ.

"ಬಂದದ್ದ ಬರಕೊಳ್ರಿ ಈರಣ್ಣ" ಎಂದಳು.

ಈರಣ್ಣ ಬರೆದುಕೊಂಡ. ಅವನು ಮತ್ತೆ ಕೇಳಲಿಲ್ಲ. ಸಂಜೆ ಡಾಕ್ಟರ್ ನದಾಫ್ ಪಟ್ಟಿ ನೋಡಿ, "ಎಂಬತ್ತೊಂಬತ್ತು ಉಳದಾವಲ್ರಿ ಮೇಡಮ್! ಹುಬ್ಬಳ್ಳಿ ಶಿಬಿರದಾಗ ಹಾಹಾಕಾರ ಎದ್ದೈತಿ" ಎಂದು ಕೈಮುಗಿದರು. ಉಳಿದ ಚುಚ್ಚುಮದ್ದು ಶುಕ್ರವಾರ ಬೆಳಿಗ್ಗೆ ಹುಬ್ಬಳ್ಳಿಗೆ ಹೋಯಿತು. ಇಂದುಮತಿ ಗೋದಾಮಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನಿದ್ದೆ ಚೆನ್ನಾಗಿ ಬಂತು.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಹೋದಳು. ಗಂಡ ಆಲಮಟ್ಟಿಯಲ್ಲಿ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುವವನು. ಮಾವ ಅಂಗಳದಲ್ಲಿ ಕೂತು ಪೇಪರು ಓದುತ್ತಿದ್ದರು. ಒಳಗೆ ಅಡುಗೆಮನೆಯಿಂದ ನಗು ಕೇಳಿತು. ಶಿವಗಂಗವ್ವ ಹಸಿರು ಚೀಟಿಯ ಒಬ್ಬಳನ್ನು ಮನೆಗೆ ಕರೆತಂದಿದ್ದಳು. ಮೂವತ್ತೈದರ ಆಸುಪಾಸಿನ, ಗಟ್ಟಿಮುಟ್ಟಾದ ಹೆಂಗಸು, ಹೆಸರು ಗುಲಾಬಿ. ಹೊಸಬಂದರಿನ ದಕ್ಕೆಯಲ್ಲಿ, ದೋಣಿ ನಿಲ್ಲುವ ಕಟ್ಟೆಯಲ್ಲಿ, ಮೀನು ಮಾರುತ್ತಿದ್ದವಳು. ಈಗ ಈ ಲಿಂಗಾಯತರ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು, ಬಂಗುಡೆ ಸಾರು ಮಾಡುವ ಬಗೆಯನ್ನು ಅತ್ತೆಗೆ ವಿವರಿಸುತ್ತಿದ್ದಳು.

"ಶಿವ ಶಿವ, ಸಾಕ ಮಾಡವ್ವಾ, ನನಗ ಹೊಟ್ಟಿ ತೊಳಸಾಕತ್ತೈತಿ" ಎನ್ನುತ್ತ ಶಿವಗಂಗವ್ವ ನಗುತ್ತಲೇ ರೊಟ್ಟಿ ಬಡಿಯುತ್ತಿದ್ದಳು. "ನೋಡು ಇಂದೂ, ಈಕಿ ಎರಡ ದಿನಾತು, ತುತ್ತ ಬಾಯಿಗೆ ಇಡವಲ್ಲಳು. ತಿಂದದ್ದೆಲ್ಲಾ ಹೊರಗ ಬರತೈತಿ. ರೈಲಿಂದು ಇರಬೇಕು, ಹೌದಿಲ್ಲೋ?"

"ನಂಗೆ ಎಂತ ಇಲ್ಲ ಅಕ್ಕ" ಎಂದಳು ಗುಲಾಬಿ. "ಮಿಷನ್ ಹೇಳಿತಲ್ಲ, ನಂದು ಸೊನ್ನೆ ಅಂತ. ನನ್ನ ತಂಗಿ ವಾರಿಜಂದೂ ಸೊನ್ನೆಯೇ. ಅವಳು ಆಚೆ ಬೀದಿಯ ಮನೇಲಿ ಉಂಟು. ಇಬ್ರೂ ಪೇಟೆಗೆ ಹೋಗದೆ ಮೀನು ಒಣಗಿಸ್ಲಿಕ್ಕೆ ಹಿತ್ತಲಲ್ಲಿ ಇದ್ದೆವು, ಹಾಗಾಗಿ ಬಚಾವು."

ಇಂದುಮತಿ ಅವಳ ಕೈ ನೋಡಿದಳು. ಮುಂಗೈ ತುಂಬ ಹಸಿರು ಬಳೆ, ಮೇಲೆ ಬಂಗಾರದ ಚುಕ್ಕೆ. ರೊಟ್ಟಿ ಬಡಿಯುವ ಅತ್ತೆಯ ಕೈಯಲ್ಲೂ ಅವೇ ಹಸಿರು ಬಳೆ, ಮೇಲೆ ಬಂಗಾರದ ಚುಕ್ಕೆ.

"ಅತ್ತಿ, ಈ ಬಳಿ ಎಲ್ಲಿವು?"

"ಎಲ್ಲಿವು ಅಂದ್ರ? ನಮ್ಮ ಬಸಲಿಂಗಪ್ಪನವು." ಬಸಲಿಂಗಪ್ಪ ಆ ಓಣಿಗೆ ಮೂವತ್ತು ವರ್ಷದಿಂದ ಬಳೆ ಇಡಿಸುವವನು. "ಗುರುವಾರ ರೈಲು ಬಂತಲ್ಲ, ನಮ್ಮ ಭಜನಿ ಮಂಡಳಿಯವರೆಲ್ಲಾ ಸ್ಟೇಶನ್ನಿಗೆ ರೊಟ್ಟಿ ತಗೊಂಡ ಹೋಗಿದ್ವಿ. ಪಾಪ, ಆ ಹೆಣ್ಮಕ್ಕಳ ಕೈ ನೋಡಬೇಕಿತ್ತ ನೀನು. ಒಡದ ಬಳಿ, ಗಾಯ, ಬರಿಗೈಯಂಥಾ ಕೈ. ನಮ್ಮೂರಿಗೆ ಬಂದ ಮುತ್ತೈದೇರನ್ನ ಹಂಗ ಒಳಗ ಕರಕೊಳ್ಳೂದೇನು? ಬಸಲಿಂಗಪ್ಪನ್ನ ಕರಸಿ, ಪ್ಲಾಟ್‌ಫಾರ್ಮಿನ ಮ್ಯಾಲ ಕುಂಡ್ರಿಸಿ, ಎಲ್ಲಾರಿಗೂ ಬಳಿ ಇಡಿಸಿ, ಉಡಿ ತುಂಬಿ ಗೋದಾಮಿಗೆ ಕಳಿಸಿದ್ವಿ. ಅವರು ನಕ್ಕದ್ದ ಆಗ."

ಹೊಸ ಬಳೆ. ನೂರಹದಿನೆಂಟು ಜನರ ಕೈಯಲ್ಲಿ ಹೊಸ ಬಳೆ. ಯಂತ್ರ ನಿಜವನ್ನೇ ಹೇಳಿತ್ತು, ಆ ಬಳೆಗಳು ಬಾಂಬನ್ನು ಕಂಡಿರಲಿಲ್ಲ. ಹೊಸ ಬಳೆ ಎಂದು ಯಂತ್ರ ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿತ್ತು, ಅವಳು ಬರೆದುಕೊಳ್ಳಿ ಎಂದಿದ್ದಳು.

"ಹಳಿ ಬಳಿ ಏನ ಮಾಡಿದ್ರಿ?"

"ಒಡದದ್ದೆಲ್ಲಾ ತಗದ. ಆದ್ರ ಒಂದ ಬಿಟ್ಟಾನ ನೋಡು. ಕೈ ಪೂರ್ತಿ ಬರಿದ ಮಾಡತಾರೇನು? ಒಂದ ಹಳಿ ಬಳಿ ಇಟಗೊಂಡ ಹೊಸಾವು ಏರಸೂದು."

ಗುಲಾಬಿಯ ಕೈಯಲ್ಲಿ ಹಸಿರಿನ ಹಿಂದೆ, ಮೊಣಕೈಯ ಕಡೆಗೆ, ಒಂದೇ ಒಂದು ಕೆಂಪು ಬಳೆ ಇತ್ತು. ಇಂದುಮತಿ ಅದನ್ನು ಕೇಳಿದಳು. ಗುಲಾಬಿ ಒಂದು ಕ್ಷಣ ಹಿಂಜರಿದಳು, ಆಮೇಲೆ ಕೊಟ್ಟಳು. "ಇದು ಅವರು ತಂದದ್ದು, ಕೃಷ್ಣಾಷ್ಟಮಿಗೆ" ಎಂದಳು. ಅವರು ಎಂದರೆ ಅವಳ ಗಂಡ. ಸೋಮವಾರ ಬೆಳಿಗ್ಗೆ ನಡುಪೇಟೆಗೆ ಹೋಗಿದ್ದ.

ಗೋದಾಮಿನಲ್ಲಿ ಈರಣ್ಣ ಆ ಕೆಂಪು ಚೂರನ್ನು ಬಟ್ಟಲಿಗೆ ಹಾಕಿದ. ನಾಲ್ಕು ನಿಮಿಷ ಕಳೆಯಿತು. ಅಂಕ ಬಂತು, ಮುನ್ನೂರ ನಲವತ್ತು.

ನಿಯಂತ್ರಣ ಕೊಠಡಿ ಎಂದರೆ ಹತ್ತಿ ವ್ಯಾಪಾರಿಗಳ ಹಳೆಯ ಕಚೇರಿ. ಗೋಡೆಯ ತುಂಬ ನಕ್ಷೆ, ನಾಲ್ಕು ಫೋನು, ಮೂವರು ಅಧಿಕಾರಿಗಳು, ನಡುವೆ ಡಾಕ್ಟರ್ ನದಾಫ್. ಇಂದುಮತಿ ನಿಂತುಕೊಂಡೇ ಹೇಳಿದಳು. ಸ್ಟೇಶನ್ನಿನಲ್ಲಿ ಹೊಸ ಬಳೆ ಇಡಿಸಿದ್ದಾರೆ, ಮೂರನೆಯ ರೈಲಿನ ಹೆಂಗಸರ ಅಂಕಗಳೆಲ್ಲ ತಪ್ಪು, ಎಲ್ಲರನ್ನೂ ಮತ್ತೆ ಕರೆಸಬೇಕು, ಎಲ್ಲರ ಕೈಯಲ್ಲೂ ಒಂದು ಹಳೆಯ ಬಳೆ ಇರುತ್ತದೆ.

ನದಾಫ್ ಮೂರನೆಯ ರೈಲಿನ ಪಟ್ಟಿ ತೆಗೆದರು. ಒಬ್ಬ ಅಧಿಕಾರಿ ಕೇಳಿದರು, "ಆವತ್ತು ಯಂತ್ರದಾಗ ಏನೂ ಗೊತ್ತಾಗಲಿಲ್ಲೇನ್ರಿ?"

ಬಾಗಿಲ ಬಳಿ ಈರಣ್ಣ ನಿಂತಿದ್ದ.

"ಇಲ್ರಿ" ಎಂದಳು ಇಂದುಮತಿ. "ಗೊತ್ತಾಗೂ ಹಂಗ ಇರಲಿಲ್ಲ."

ಈರಣ್ಣ ತನ್ನ ಚಪ್ಪಲಿ ನೋಡಿಕೊಂಡ. ಆ ಮಾತು ಅಷ್ಟು ಸಲೀಸಾಗಿ ಹೇಗೆ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ಈಗ ಮುಖ್ಯವಾದದ್ದು ಹೆಂಗಸರನ್ನು ಕರೆಸುವುದು, ನನ್ನ ತಪ್ಪು ಆಮೇಲೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಆಮೇಲೆ ಎನ್ನುವುದು ಬಹಳ ದಿನ ಬರಲೇ ಇಲ್ಲ.

ಅರ್ಧ ಗಂಟೆಯಲ್ಲಿ ಧ್ವನಿವರ್ಧಕ ಕಟ್ಟಿದ ಜೀಪು ಓಣಿ ಓಣಿ ಸುತ್ತತೊಡಗಿತು. "ಸ್ಟೇಶನ್ನಿನಲ್ಲಿ ಕೆಲವರು ಅನುಮತಿಯಿಲ್ಲದೆ ಹೊಸ ಬಳೆ ತೊಡಿಸಿದ ಕಾರಣ ಪರೀಕ್ಷೆ ತಪ್ಪಾಗಿದೆ. ಮೂರನೆಯ ರೈಲಿನ ಮಹಿಳೆಯರು ಕೂಡಲೇ ಬರಬೇಕು." ಜೀಪು ಶಿವಗಂಗವ್ವನ ಮನೆಯ ಮುಂದೆಯೂ ಹಾದುಹೋಯಿತು. ಅವಳು ಆಗ ಗುಲಾಬಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳಂತೆ.

ನೂರಹದಿನೆಂಟರಲ್ಲಿ ಅರವತ್ತಮೂರು ಜನ ಹಳದಿ. ಚುಚ್ಚುಮದ್ದು ಗದಗಿನಲ್ಲಿ ಒಂದೂ ಇರಲಿಲ್ಲ. ಹುಬ್ಬಳ್ಳಿಗೆ ಹೋದದ್ದು ಅಲ್ಲಿಯವರ ಮೈಸೇರಿ ಆಗಿತ್ತು. ದೂರದಿಂದ ಹೊಸದು ಬಂದಾಗ ಮುಂದಿನ ಮಂಗಳವಾರ. "ಐದು ದಿನ ತಡ ಆತು" ಎಂದರು ನದಾಫ್. "ಕೊಡೋಣ. ಕೆಲವರಿಗೆ ಹತ್ತೀತು, ಕೆಲವರಿಗೆ ಹತ್ತಲಿಕ್ಕಿಲ್ಲ." ಮೂರನೆಯ ಗೋದಾಮಿನಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿ, ಅರವತ್ತಮೂರು ಮಂಚ ಹಾಕಿದರು.

ಶಿವಗಂಗವ್ವ ಯಾರನ್ನೂ ಬೈಯಲಿಲ್ಲ, ಅಳಲೂ ಇಲ್ಲ. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಾನು ಒಂದು ತುತ್ತು ನುಂಗಿ ಏಳುತ್ತಿದ್ದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಗೋದಾಮಿಗೆ ಹೋಗಿ, ಒಳಗೆ ಬಿಡದಿದ್ದರೂ ಪರದೆಯ ಹೊರಗೆ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. "ನನ್ನ ಕೈಯಾರ ಇಡಿಸಿದೆ ಇಂದೂ" ಎಂದು ಒಮ್ಮೆ ಮಾತ್ರ ಅಂದಳು. "ಒಂದೊಂದ ಕೈನೂ ಹಿಡಕೊಂಡ ಇಡಿಸಿದೆ." ಸೊಸೆ ಆ ಹೊತ್ತಿಗೆ ಚಹಾ ಸೋಸುತ್ತಿದ್ದಳು. ಬಾಯಿ ತೆರೆದಳು. "ನಿಮಗೇನ ಗೊತ್ತಿತ್ರಿ ಅತ್ತಿ, ಮನಸಿಗೆ ಹಚಗೋಬ್ಯಾಡ್ರಿ" ಎಂದಳು. ಎಂಥ ಉದಾರ ಮಾತು! ಮಾಡಿದವಳು ತಾನು, ಕ್ಷಮಿಸಿದ್ದು ಅತ್ತೆಯನ್ನು.

ಮಜ್ಜೆ ಕೈಕೊಡುವುದು ಮೂರನೆಯ ವಾರದಲ್ಲಿ. ಬಾಂಬು ಬಿದ್ದ ಹದಿನಾರನೆಯ ದಿನ ಪರದೆಯ ಒಳಗೆ ಮೊದಲ ಸಾವು ಆಯಿತು. ಹದಿನೆಂಟನೆಯ ದಿನಕ್ಕೆ ಸತ್ತವರು ನಾಲ್ವರು. ಅಂದು ಮಧ್ಯಾಹ್ನ ಬಸಲಿಂಗಪ್ಪ ಮನೆಗೆ ಬಂದ. ಅಂಗಡಿಬೀದಿಯಲ್ಲಿ ಅವನನ್ನು ಯಾರೋ ಅಡ್ಡಗಟ್ಟಿ ಕೊರಳಪಟ್ಟಿ ಹಿಡಿದಿದ್ದರು, ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅವನು ಬಳೆಗಳ ಮಲಾರವನ್ನು, ಹಗ್ಗಕ್ಕೆ ಪೋಣಿಸಿದ ಆ ದೊಡ್ಡ ಕಟ್ಟನ್ನು, ಪಡಸಾಲೆಯಲ್ಲಿ ಇಳಿಸಿದ.

"ಇದನ್ನ ನಿಮ್ಮ ಹಂತೇಕ ಇಟಗೊಳ್ರಿ ಅವ್ವಾರ. ನನ್ನ ಕೈಯಿಂದ ಇನ್ನ ಯಾರಿಗೂ ಬಳಿ ಬ್ಯಾಡ. ಮನ್ಯಾಗಿನ ಹೆಣ್ಮಕ್ಕಳ ಕೂಡ ಕೈ ಕೊಡವಲ್ಲರು."

"ತಪ್ಪ ನಿಂದಲ್ಲೋ ಬಸಲಿಂಗಪ್ಪ" ಎಂದಳು ಶಿವಗಂಗವ್ವ. "ನಾ ಕರದೆ, ನೀ ಬಂದಿ. ಯಾರ ಕೇಳಿದ್ರೂ ಹಂಗ ಹೇಳು. ಕಮತಗಿಯವರ ಮುದುಕಿ ಮಾಡಿಸಿದ್ಲು ಅಂತ ಹೇಳು."

ಇಂದುಮತಿ ಅಡುಗೆಮನೆಯಲ್ಲಿದ್ದಳು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ಹೊರಗೆ ಬಂದು ಇಬ್ಬರ ನಡುವೆ ನಿಂತಳು.

"ತಪ್ಪ ನಿಮ್ಮಿಬ್ಬರದೂ ಅಲ್ಲ. ಸೊನ್ನಿ ಬಂದಾಗ ನನಗ ಗೊತ್ತಾಗಿತ್ತು. ಹಳಿ ಬಳಿಗೆ ಸೊನ್ನಿ ಬರೂದಿಲ್ಲ, ಅದು ಹೊಸಾ ಬಳಿ ಅಂತ ನನ್ನ ಪುಸ್ತಕದಾಗ ನಾನ ಬರದೀನಿ. ಈರಣ್ಣ ಕೇಳಿದ. ನಾ ಸುಮ್ಮನ ಬರಕೋ ಅಂದೆ. ಆವತ್ತ ಎದ್ದ ಹೋಗಿ ನೋಡಿದ್ರ, ನಾಕ ನಿಮಿಷದಾಗ ಎಲ್ಲಾ ಸರಿ ಆಗತಿತ್ತು. ಆಮ್ಯಾಲ ಕೇಳಿದಾಗ ಗೊತ್ತಿರಲಿಲ್ಲ ಅಂತ ಸುಳ್ಳ ಹೇಳಿದೆ."

ಬಸಲಿಂಗಪ್ಪ ಬಗ್ಗಿ ತನ್ನ ಮಲಾರ ಎತ್ತಿಕೊಂಡ. ಇಂದುಮತಿಯ ಮುಖ ನೋಡದೆ ಮೆಟ್ಟಿಲಿಳಿದು ಹೋದ.

ಶಿವಗಂಗವ್ವ ಕಂಬ ಹಿಡಿದು ನಿಂತಿದ್ದಳು. ಸೊಸೆಯನ್ನು ಎಂದೂ ಯಾರ ಮುಂದೂ ಬಿಟ್ಟುಕೊಡದವಳು. "ಹನ್ನೆರಡ ದಿನ" ಎಂದಳು. "ಹನ್ನೆರಡ ದಿನ ನಾ ಇಲ್ಲಿ ಬೆಂಕ್ಯಾಗ ಬೇಯಾಕತ್ತಿದ್ನಿ, ನೀ ನೋಡಕೋತ ಕುಂತಿ. ನನಗ ಚಾ ಕೊಟ್ಟಿ, ಸಮಾಧಾನ ಹೇಳಿದಿ."

"ತಪ್ಪಾತ್ರಿ ಅತ್ತಿ." ಇಂದುಮತಿ ಅವಳ ಕಾಲಿಗೆ ಬಗ್ಗಿದಳು.

ಶಿವಗಂಗವ್ವ ಕಾಲು ಹಿಂದೆ ತೆಗೆದುಕೊಂಡಳು. "ನನ್ನ ಕಾಲ ಯಾಕ ಹಿಡಿತಿ? ನನಗ ಹೇಳಿ ಹಗೂರ ಆಗಬ್ಯಾಡ. ನಾ ಏನ ಸಾಯಾಕತ್ತೀನೇನು? ಹೋಗು, ಗುಲಾಬಿಗೆ ಹೇಳು."

ಇಂದುಮತಿ ಮೊದಲು ನಿಯಂತ್ರಣ ಕೊಠಡಿಗೆ ಹೋದಳು. ನದಾಫರ ಎದುರು ಕೂತು ನಡೆದದ್ದನ್ನು ಹೇಳಿದಳು, ಹೇಳಿದ್ದನ್ನು ಬರೆದು ಸಹಿ ಮಾಡಿ ಕೊಟ್ಟಳು. ಈ ಹಾಳೆಯಲ್ಲಿರುವುದನ್ನು ಜೀಪಿನಲ್ಲಿ ಓದಿಸಬೇಕು, ಬಳೆ ಇಡಿಸಿದವರ ತಪ್ಪಿಲ್ಲ ಎಂದು ಊರಿಗೆಲ್ಲ ಕೇಳಬೇಕು ಎಂದಳು. ನದಾಫ್ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಸಿಟ್ಟು ಬಂದಿತ್ತು, ಆದರೆ ಸಿಟ್ಟು ಮಾಡುವಷ್ಟು ಶಕ್ತಿ ಉಳಿದಿರಲಿಲ್ಲ.

"ಓದಸ್ತೀನಿ" ಎಂದರು. "ನಿಮ್ಮ ಮ್ಯಾಲ ಏನ ಕ್ರಮ ತಗೋಬೇಕು ಅನ್ನೂದು ನನ್ನ ಕೈಯಾಗಿಲ್ಲ, ಬರದ ಕಳಸ್ತೀನಿ. ಆದ್ರ ವಾರ್ಡಿನಾಗ ಹೋಗಿ ಹೇಳಬ್ಯಾಡ್ರಿ. ಯಾರಾರ ಕೇಳಿದ್ರ, ಆಗ ಕೊಟ್ಟಿದ್ರೂ ಏನಾಗತಿತ್ತೋ ಹೇಳಾಕ ಬರೂದಿಲ್ಲ ಅನ್ರಿ. ಅದು ಸುಳ್ಳಲ್ಲ. ಹುಬ್ಬಳ್ಳ್ಯಾಗ ಅದ ಮದ್ದಿನಿಂದ ಎಂಬತ್ತೊಂಬತ್ತ ಮಂದಿಗೆ ಗುಣ ಆಗಾಕತ್ತೈತಿ, ಅದೂ ಸುಳ್ಳಲ್ಲ."

ಸುಳ್ಳಲ್ಲದ ಎರಡು ಮಾತು ಕಟ್ಟಿಕೊಂಡು ಅವಳು ಮೂರನೆಯ ಗೋದಾಮಿಗೆ ನಡೆದಳು. ನರ್ಸು ಮುಖಕ್ಕೆ ಬಟ್ಟೆ, ಕೈಗೆ ಗವಸು, ಮೈಗೆ ನಿಲುವಂಗಿ ಹಾಕಿಸಿ ಒಳಗೆ ಬಿಟ್ಟಳು. ಗುಲಾಬಿ ಆರನೆಯ ಮಂಚದಲ್ಲಿದ್ದಳು. ಅಷ್ಟು ಗಟ್ಟಿಯಾಗಿದ್ದ ಹೆಂಗಸು ಹಾಸಿಗೆಗೆ ಅಂಟಿಹೋಗಿದ್ದಳು. ತಲೆಯಲ್ಲಿ ಕೂದಲಿರಲಿಲ್ಲ, ತುಟಿ ಒಡೆದಿತ್ತು, ಚರ್ಮದ ಮೇಲೆ ಅಲ್ಲಲ್ಲಿ ನೇರಳೆ ಕಲೆ. ಇಂದುಮತಿಯ ಕಣ್ಣು ನೋಡಿಯೇ ಗುರುತು ಹಿಡಿದಳು.

"ಅಕ್ಕ ಬಂದ್ರಾ? ಅಮ್ಮ ಹೇಗಿದ್ದಾರೆ? ದಿನಾ ಹೊರಗೆ ಕೂತಿರ್ತಾರಂತೆ, ನರ್ಸಮ್ಮ ಹೇಳ್ತಾರೆ. ಬೇಡ ಅಂತ ಹೇಳಿ ನೀವು. ಅವರದ್ದು ಎಂತ ತಪ್ಪು, ಪಾಪ."

ಇಂದುಮತಿ ಸ್ಟೂಲಿನ ಮೇಲೆ ಕೂತಳು. "ತಪ್ಪು ನಂದು ಗುಲಾಬಿ" ಎಂದು ಶುರು ಮಾಡಿ, ಏನನ್ನೂ ಬಿಡದೆ ಹೇಳಿದಳು. ಸೊನ್ನೆ ಬಂದದ್ದು, ಅದರ ಅರ್ಥ ತನಗೆ ಗೊತ್ತಿದ್ದದ್ದು, ಈರಣ್ಣ ಕೇಳಿದ್ದು, ಹತ್ತು ಹೆಜ್ಜೆ ಎದ್ದು ಬಾರದೆ ಕೂತದ್ದು. ಆ ಸೊನ್ನೆ ಕಂಡು ತನಗೆ ಖುಷಿಯಾಗಿತ್ತು ಎಂಬುದನ್ನೂ ಹೇಳಿದಳು. ಅತ್ತೆಗೂ ನದಾಫರಿಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಅದೊಂದೇ.

ಗುಲಾಬಿ ಮಾಡಿನ ತಗಡು ನೋಡುತ್ತ ಮಲಗಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದಳು.

"ಆ ದಿವಸ ನೀವು ಎದ್ದು ಬಂದು ನೋಡಿದ್ರೆ, ನಂಗೆ ಇಂಜೆಕ್ಷನ್ ಇತ್ತಾ?"

ನದಾಫರು ಕಟ್ಟಿಕೊಟ್ಟ ಎರಡೂ ಮಾತು ಇಂದುಮತಿಯ ನಾಲಿಗೆಯ ತುದಿಯವರೆಗೆ ಬಂದವು. ಉಳಿದದ್ದು ಎಂಬತ್ತೊಂಬತ್ತು, ಬೇಕಾದದ್ದು ಅರವತ್ತಮೂರು.

"ಇತ್ತು" ಎಂದಳು.

"ವಾರಿಜಂಗೆ?"

"ಅಕಿಗೂ ಇತ್ತು. ಎಲ್ಲಾರಿಗೂ ಇತ್ತು."

ಗುಲಾಬಿ ಕಣ್ಣು ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡಳು ಇಂದುಮತಿ. ಬೈಯಲಿ, ಉಗಿಯಲಿ, ಏನಾದರೂ ಅನ್ನಲಿ ಎಂದು ಕಾದಳು. ಹೊರಗೆ ಜೀಪಿನ ಧ್ವನಿವರ್ಧಕ ಅವಳದೇ ಹೆಸರು ಹೇಳುತ್ತ ದೂರ ಹೋಯಿತು.

"ನೀವು ನಂಗೆ ಹೇಳಿದ್ರಿ, ಸರಿ" ಎಂದಳು ಗುಲಾಬಿ, ಕಣ್ಣು ಬಿಡದೆ. "ವಾರಿಜ ಈ ಬದಿಯ ಮಂಚದಲ್ಲಿ ಉಂಟು. ಜ್ವರ ಬಂದರೂ ಅವಳಿಗೆ ಎಲ್ಲ ಕೇಳ್ತದೆ. ದಿನಾ ನನ್ನ ಹತ್ತಿರ ಕೇಳುವುದು, ಅಕ್ಕ, ನಮಗೆ ಯಾಕೆ ಹೀಗಾಯ್ತು ಅಂತ. ನಂಗೆ ಹೇಳ್ಲಿಕ್ಕೆ ಗೊತ್ತಿರಲಿಲ್ಲ. ನೀವೇ ಹೇಳಿ. ಅವಳಿಗೆ ಹೇಳಿ ಆದ ಮೇಲೆ ಆಚೆಯ ಮಂಚದವರಿಗೆ. ಯಾರನ್ನೂ ಬಿಡಬೇಡಿ."

ಇಂದುಮತಿ ಎದ್ದಳು. ಐವತ್ತೊಂಬತ್ತು ಮಂಚಗಳಲ್ಲಿ ಇನ್ನೂ ಜೀವವಿತ್ತು, ಹೇಳಿ ಮುಗಿದದ್ದು ಒಂದಕ್ಕೆ ಮಾತ್ರ. ಅವಳು ಸ್ಟೂಲನ್ನು ಎತ್ತಿಕೊಂಡು ಹೋಗಿ ವಾರಿಜಳ ತಲೆದಿಂಬಿನ ಬಳಿ ಇಟ್ಟು ಕೂತಳು.